ಬಾಳಿ ಬದುಕಿದ ಮನೆಯೊಳಗೆ ಬಂದ ಕ್ಯಾಮೆರಾ

ಎರಡು ಸಂಚಿಕೆಗಳ ಹಿಂದೆ ಇದೇ ಅಂಕಣದಲ್ಲಿ ‘ಗ್ರೇ ಗಾರ್ಡನ್ಸ್’ ಎಂಬ ಅಮೆರಿಕದ ಸಾಕ್ಷ್ಯಚಿತ್ರದ ಬಗ್ಗೆ ನಾಲ್ಕು ಸಾಲು ಬರೆದು, ನೋಡಿದವರು ತಮ್ಮ ಅನಿಸಿಕೆಯನ್ನು ಕಳುಹಿಸಬೇಕೆಂದು ಕೇಳಿಕೊಂಡಿದ್ದೆ. ಬಂದ ಪತ್ರಗಳಲ್ಲಿ ಬೈಗುಳವಿದೆ, ಕಣ್ಣೀರಿದೆ, ‘ಇದನ್ನು ನೋಡಿ ಎಂದು ಯಾಕೆ ಹೇಳಿದಿರಿ’ ಎಂಬ ಜಗಳವೂ ಇದೆ. ಚಿತ್ರವನ್ನು ನೋಡದವರಿಗಾಗಿ ಹೂರಣವನ್ನಷ್ಟೇ ಹೇಳುತ್ತೇನೆ. ನ್ಯೂಯಾರ್ಕ್ ನಗರದಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿ, ಲಾಂಗ್ ಐಲ್ಯಾಂಡ್ ಎಂಬ ದ್ವೀಪದ ಪೂರ್ವದ ತುದಿಯ ಕಡೆಗೆ ಈಸ್ಟ್ ಹ್ಯಾಂಪ್ಟನ್ ಎಂಬ ಸಿರಿವಂತರ ಕಡಲೂರು ಇದೆ. ಅಲ್ಲಿನ 28 ಕೋಣೆಗಳ ಪಾಳುಬಿದ್ದ ಬಂಗಲೆಯಲ್ಲಿ ತಾಯಿ ಈಡಿತ್ ಬೂವಿಯರ್ ಬೀಲ್ ಮತ್ತು ಅದೇ ಹೆಸರಿನ ಮಗಳು, ಹತ್ತಾರು ಬೆಕ್ಕುಗಳ ನಡುವೆ ವಾಸವಾಗಿದ್ದರು. ಇಬ್ಬರನ್ನೂ ಊರಿನವರು ಬಿಗ್ ಈಡಿ, ಲಿಟಲ್ ಈಡಿ ಎಂದು ಕರೆಯುತ್ತಿದ್ದರು. ನಮ್ಮ ಮನೆಗಳ ರೂಢಿಯಂತೆ ನಾನು ದೊಡ್ಡ ಈಡಿ, ಚಿಕ್ಕ ಈಡಿ ಎನ್ನುತ್ತೇನೆ. ಆಲ್ಬರ್ಟ್ ಮತ್ತು ಡೇವಿಡ್ ಮೇಸಲ್ಸ್ ಎಂಬ ಸೋದರರು 1973ರಲ್ಲಿ ಸುಮಾರು ಆರು ವಾರ ಈ ಮನೆಯಲ್ಲಿ ಚಿತ್ರೀಕರಿಸಿದರು. ಚಿತ್ರವು 1975ರಲ್ಲಿ ಮೊದಲ ಪ್ರದರ್ಶನ ಕಂಡಿತು.

ಪ್ರಶ್ನೆ: ಅರ್ಧ ಗಂಟೆ ನೋಡಿ ನಿಲ್ಲಿಸಿಬಿಟ್ಟೆ. ಬುದ್ಧಿ ಸ್ಥಿಮಿತದಲ್ಲಿಲ್ಲದ ಇಬ್ಬರು ಹೆಂಗಸರ ಮನೆಗೆ ನುಗ್ಗಿ, ಅವರ ಹರಕು ಬಟ್ಟೆ, ಹಾಸಿಗೆ, ಜಗಳಗಳನ್ನು ಲೋಕಕ್ಕೆ ತೋರಿಸುವುದು ಯಾವ ಸೀಮೆಯ ಕಲೆ? ಬಿದ್ದವರಿಗೆ ಆಳಿಗೊಂದು ಕಲ್ಲು ಎಂಬಂತಾಯಿತಲ್ಲವೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಈ ಆಕ್ಷೇಪ ನಿಮ್ಮೊಬ್ಬರದಲ್ಲ, ಇಂದಿನದೂ ಅಲ್ಲ. ಚಿತ್ರ ಚಿತ್ರಮಂದಿರಗಳಿಗೆ ಬಂದ ಹೊಸದರಲ್ಲಿ, 1976ರ ಫೆಬ್ರುವರಿಯಲ್ಲಿ, ವಾಲ್ಟರ್ ಗುಡ್‌ಮನ್ ಎಂಬ ವಿಮರ್ಶಕರು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದ ಲೇಖನದ ಸಾರವೂ ಇದೇ ಆಗಿತ್ತು: ಇದು ಸತ್ಯವನ್ನು ತೋರಿಸುವ ಸಿನಿಮಾವೋ, ಜಾತ್ರೆಯ ಡೇರೆಯೊಳಗಿನ ವಿಚಿತ್ರ ಪ್ರದರ್ಶನವೋ ಎಂದು ಅವರು ಕೇಳಿದ್ದರು. ಆ ಲೇಖನವನ್ನು ಓದಿ ಚಿಕ್ಕ ಈಡಿ ಪತ್ರಿಕೆಗೆ ಉತ್ತರ ಬರೆದರು, ಪತ್ರಿಕೆ ಅದನ್ನು ಅಚ್ಚು ಹಾಕಲಿಲ್ಲ. ನನ್ನ ಮಟ್ಟಿಗೆ ಇಡೀ ವಿವಾದದಲ್ಲಿ ಅತ್ಯಂತ ಮುಖ್ಯವಾದ ಸಂಗತಿ ಇದೇ. ಆ ಹೆಂಗಸಿನ ಮಾನ ಕಾಪಾಡಬೇಕೆಂದು ಎದ್ದು ನಿಂತವರ ಪೈಕಿ, ಆಕೆಯೇ ಬರೆದ ಕಾಗದವನ್ನು ಓದುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ.

ಇನ್ನು ‘ನುಗ್ಗಿ’ ಎಂದಿರಿ. ನುಗ್ಗಿರಲಿಲ್ಲ. ಮೇಸಲ್ಸ್ ಸೋದರರು ಆ ಮನೆಯ ಬಾಗಿಲು ತಟ್ಟಿದ್ದು ಮೊದಲಿಗೆ 1972ರಲ್ಲಿ, ಬೀಲ್‌ಗಳ ಬಂಧುವೇ ಆದ ಲೀ ರಾಡ್ಜಿವಿಲ್ ಅವರ ಕೆಲಸಕ್ಕಾಗಿ. ತಮ್ಮ ಬಾಲ್ಯದ ಈಸ್ಟ್ ಹ್ಯಾಂಪ್ಟನ್ ಬಗ್ಗೆ ಒಂದು ಚಿತ್ರ ಮಾಡಬೇಕೆಂದು ಲೀ ಬಯಸಿದ್ದರು. ಸೋದರರ ಕ್ಯಾಮೆರಾ ಮಾತ್ರ ಆ ತಾಯಿ-ಮಗಳ ಮೇಲೆಯೇ ನೆಟ್ಟಿತು. ಆ ಯೋಜನೆ ನಿಂತುಹೋಯಿತು, ತೆಗೆದಿದ್ದ ರೀಲುಗಳು ಇವರ ಕೈ ಸೇರಲಿಲ್ಲ. ಮರುವರ್ಷ ಇವರು ತಾವಾಗಿಯೇ ಹಿಂದಿರುಗಿ, ಇಬ್ಬರ ಒಪ್ಪಿಗೆ ಪಡೆದು, ತಲಾ 5,000 ಡಾಲರ್ ಕೊಟ್ಟು ಕೆಲಸ ಆರಂಭಿಸಿದರು. ಮುಗಿದ ಚಿತ್ರವನ್ನು ಮೊದಲು ತೋರಿಸಿದ್ದು ಕೂಡ ಆ ಮನೆಯೊಳಗೇ, ಅವರಿಬ್ಬರಿಗೇ. ಇದೊಂದು ಮೇರುಕೃತಿ ಎಂದು ಚಿಕ್ಕ ಈಡಿ ಅಲ್ಲೇ ಘೋಷಿಸಿದರು.

ಇಷ್ಟು ಹೇಳಿದ ಮಾತ್ರಕ್ಕೆ ಚಿತ್ರ ಪೂರ್ತಿ ನಿರ್ದೋಷಿ ಎಂದು ನಾನು ವಾದಿಸುವುದಿಲ್ಲ. ಎಂಬತ್ತರ ಹತ್ತಿರದ ತಾಯಿಯ ಮೈಮೇಲಿನ ಬಟ್ಟೆ ಜಾರಿದಾಗ ಕ್ಯಾಮೆರಾ ಬೇರೆ ಕಡೆ ಹೊರಳಬಹುದಿತ್ತು, ಹೊರಳಲಿಲ್ಲ. ಒಪ್ಪಿಗೆ ಕೊಟ್ಟವರಿಗೆ ತಾವು ಏನಕ್ಕೆ ಒಪ್ಪಿದ್ದೇವೆ ಎಂಬುದು ಪೂರ್ತಿ ತಿಳಿದಿತ್ತೇ ಎಂಬ ಪ್ರಶ್ನೆ ನ್ಯಾಯವಾದದ್ದು. ಅದನ್ನು ಮಗಳ ವಿಷಯದಲ್ಲಿ ನಾನು ಅಷ್ಟಾಗಿ ಕೇಳುವುದಿಲ್ಲ, ತಾಯಿಯ ವಿಷಯದಲ್ಲಿ ಕೇಳುತ್ತೇನೆ. ಆದರೆ ‘ಬುದ್ಧಿ ಸ್ಥಿಮಿತದಲ್ಲಿಲ್ಲ’ ಎಂಬ ತೀರ್ಪನ್ನು ನೀವು ಅರ್ಧ ಗಂಟೆಯಲ್ಲಿ ಕೊಟ್ಟುಬಿಟ್ಟಿರಿ. ದಯವಿಟ್ಟು ಉಳಿದದ್ದನ್ನೂ ನೋಡಿ. ಆ ಇಬ್ಬರ ಮಾತು ಎಷ್ಟು ಚುರುಕಾಗಿದೆ, ಒಬ್ಬರ ಸುಳ್ಳನ್ನು ಇನ್ನೊಬ್ಬರು ಎಷ್ಟು ಬೇಗ ಹಿಡಿಯುತ್ತಾರೆ ಎಂಬುದು ಕೇಳುತ್ತಾ ಹೋದಂತೆ ತಿಳಿಯುತ್ತದೆ.

ಪ್ರಶ್ನೆ: ಅಷ್ಟು ದೊಡ್ಡ ಮನೆತನದವರು ಈ ಸ್ಥಿತಿಗೆ ಬರಲು ಹೇಗೆ ಸಾಧ್ಯ? ಚಿತ್ರದಲ್ಲಿ ಅದರ ವಿವರಣೆಯೇ ಇಲ್ಲ. ಹಣವೆಲ್ಲ ಎಲ್ಲಿ ಹೋಯಿತು?
— ಓದುಗರೊಬ್ಬರು, ಬೆಳಗಾವಿ

ಉತ್ತರ: ಚಿತ್ರ ವಿವರಿಸುವುದಿಲ್ಲ, ನಿಜ. ಅದು ನಿರೂಪಕನ ದನಿಯೇ ಇಲ್ಲದ ಬಗೆಯ ಚಿತ್ರ. ಹಾಗಾಗಿ ಲೆಕ್ಕವನ್ನು ನಾವೇ ಬಿಡಿಸಬೇಕು, ಮತ್ತು ಈ ಲೆಕ್ಕ ಬಿಡಿಸುವಷ್ಟು ಸ್ವಾರಸ್ಯವಾಗಿದೆ.

ದೊಡ್ಡ ಈಡಿ ಹುಟ್ಟಿದ್ದು 1895ರಲ್ಲಿ, ನ್ಯೂಯಾರ್ಕಿನ ಸ್ಥಿತಿವಂತ ಕ್ಯಾಥೊಲಿಕ್ ಮನೆತನದಲ್ಲಿ. ತಂದೆ ಮೇಜರ್ ಜಾನ್ ಬೂವಿಯರ್ ವಕೀಲರು. 1917ರಲ್ಲಿ ಮಗಳ ಮದುವೆ ನಗರದ ಸೇಂಟ್ ಪ್ಯಾಟ್ರಿಕ್ಸ್ ಕೆಥೆಡ್ರಲ್‌ನಲ್ಲಿ, ತಂದೆಯ ಜೊತೆಗೇ ವಕೀಲಿ ನಡೆಸುತ್ತಿದ್ದ ಫೆಲನ್ ಬೀಲ್ ಅವರೊಂದಿಗೆ ವೈಭವದಿಂದ ನಡೆಯಿತು. ಚಿಕ್ಕ ಈಡಿ ಹುಟ್ಟಿದ್ದು ಅದೇ ವರ್ಷದ ನವೆಂಬರಿನಲ್ಲಿ. ಆಮೇಲೆ ಇಬ್ಬರು ಗಂಡುಮಕ್ಕಳು. 1923ರಲ್ಲಿ ದಂಪತಿ ಕೊಂಡ ಬಂಗಲೆಯೇ ಗ್ರೇ ಗಾರ್ಡನ್ಸ್. ಮರಳ ದಿಬ್ಬ, ತೋಟದ ಸಿಮೆಂಟು ಗೋಡೆ, ಕಡಲ ಮಂಜು ಮೂರೂ ಬೂದು ಬಣ್ಣದವಾದ್ದರಿಂದ ಆ ಹೆಸರು. ಹೆಂಡತಿಗೆ ಹಾಡಿನ ಹುಚ್ಚು, ಗಂಡನಿಗೆ ಅದು ಸೇರದು. 1931ರಲ್ಲಿ ಇಬ್ಬರೂ ಬೇರೆಯಾದರು, 1946ರಲ್ಲಿ ಮೆಕ್ಸಿಕೋದಿಂದ ವಿಚ್ಛೇದನದ ತಂತಿ ಬಂತು. ಅದನ್ನು ಕ್ಯಾಥೊಲಿಕ್ ಚರ್ಚು ಒಪ್ಪದಿದ್ದರೂ ಸಂಸಾರವಂತೂ ಮುಗಿದುಹೋಗಿತ್ತು. ಪಾಲಿಗೆ ಬಂದದ್ದು ಮನೆ ಮತ್ತು ಮಕ್ಕಳ ಖರ್ಚಿನ ಹಣ. ಆಕೆಯ ಸ್ವಂತಕ್ಕೆಂದು ಜೀವನಾಂಶ ಇರಲಿಲ್ಲ.

ತವರಿನ ಕಡೆ ನೋಡೋಣ. 1942ರಲ್ಲಿ ಮಗನ ಮದುವೆಗೆ ದೊಡ್ಡ ಈಡಿ ತಡವಾಗಿ, ಅದೂ ಒಪೆರಾ ಗಾಯಕಿಯಂತೆ ವೇಷ ತೊಟ್ಟು ಬಂದರು. ಸಿಟ್ಟಾದ ತಂದೆ ಉಯಿಲನ್ನು ತಿದ್ದಿದರು. 1948ರಲ್ಲಿ ಅವರು ತೀರಿಕೊಂಡಾಗ ಮಗಳಿಗೆ ಉಳಿದದ್ದು 65,000 ಡಾಲರಿನ ಒಂದು ಟ್ರಸ್ಟ್. ಅದು ಆ ಕಾಲಕ್ಕೆ ಸಣ್ಣ ಮೊತ್ತವೇನಲ್ಲ. ಆದರೆ ಅಷ್ಟರಲ್ಲಿ ಜೀವನವನ್ನೂ ಸಾಗಿಸಿ 28 ಕೋಣೆಗಳ ಮರದ ಮನೆಯನ್ನೂ ಉಳಿಸಿಕೊಳ್ಳಬೇಕಿತ್ತು. ಕಡಲ ಉಪ್ಪುಗಾಳಿ ಹೊಡೆಯುವ ಊರು ಅದು. ಚಾವಣಿ, ಬಣ್ಣ, ಕೊಳಾಯಿ, ಚಳಿಗಾಲದ ಬೆಂಕಿ, ತೋಟ, ತೆರಿಗೆ ಎಲ್ಲಕ್ಕೂ ವರ್ಷವರ್ಷವೂ ಹಣ ಸುರಿಯಬೇಕು. ಮಾರಿ ಚಿಕ್ಕ ಮನೆಗೆ ಹೋಗೋಣವೆಂದು ಗಂಡುಮಕ್ಕಳು ಹೇಳಿದರೂ ತಾಯಿ ಜಗ್ಗಲಿಲ್ಲ.

ನಮ್ಮಲ್ಲಿಯೂ ಬಾಳಿ ಬದುಕಿದ ಮನೆಗಳನ್ನು ಕಂಡವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ: ಆಸ್ತಿ ಇರುವುದು ಬೇರೆ, ಕೈಯಲ್ಲಿ ಕಾಸು ಆಡುವುದು ಬೇರೆ. ತೊಲೆ ಗೆದ್ದಲು ಹಿಡಿದ ಮೇಲೂ ಹೆಬ್ಬಾಗಿಲಿನ ಹಿತ್ತಾಳೆ ಗುಬುಟನ್ನು ಮಾರಲು ಮನಸ್ಸು ಬಾರದ ಜನರನ್ನು ನಾನು ಬಲ್ಲೆ. ಬೀಲ್‌ಗಳ ಮನೆಯಲ್ಲಿ ಸೋರುತ್ತಿದ್ದ ಕೋಣೆಗಳನ್ನು ಒಂದೊಂದಾಗಿ ಬಿಟ್ಟು, ಕೊನೆಗೆ 28ರಲ್ಲಿ ಒಂದೆರಡು ಕೋಣೆಗಳಲ್ಲಿ ಬದುಕು ನಡೆಯಿತು. ಚಿತ್ರದಲ್ಲಿ ನೀವು ನೋಡುವುದು ಬಹುಮಟ್ಟಿಗೆ ಮಹಡಿಯ ಒಂದೇ ಮಲಗುವ ಕೋಣೆಯನ್ನು. ಮಂಚದ ಮೇಲೆಯೇ ಕಾಗದ, ಪಟಗಳು, ಊಟದ ತಟ್ಟೆ, ಬೆಕ್ಕು. ಮಂಚದ ಪಕ್ಕದ ವಿದ್ಯುತ್ ಒಲೆಯ ಮೇಲೆ ಜೋಳದ ತೆನೆ ಬೇಯುತ್ತಿರುತ್ತದೆ. ಅರಮನೆಯಂಥ ಮನೆಯ ಒಡತಿ ಹಾಸಿಗೆಯಿಂದ ಏಳದೆ ಅಡಿಗೆ ಮಾಡುವ ಆ ಒಂದು ದೃಶ್ಯ ನಿಮ್ಮ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂದು ನನಗೆ ತೋರುತ್ತದೆ.

ಪ್ರಶ್ನೆ: ಇವರು ಅಧ್ಯಕ್ಷ ಕೆನಡಿಯ ಪತ್ನಿಯ ಸಂಬಂಧಿಕರೆಂದು ತಿಳಿದು ಮೈ ಉರಿಯಿತು. ಕೋಟ್ಯಧೀಶೆಯಾದ ಜಾಕ್ವೆಲಿನ್ ಕಣ್ಣು ಮುಚ್ಚಿ ಕುಳಿತಿದ್ದರೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಕಣ್ಣು ಮುಚ್ಚಿ ಕುಳಿತಿರಲಿಲ್ಲ, ಕಣ್ಣು ತೆರೆದದ್ದು ತಡವಾಗಿ. ಸಂಬಂಧವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ದೊಡ್ಡ ಈಡಿ ಜಾಕ್ವೆಲಿನ್ ಮತ್ತು ಲೀ ಇಬ್ಬರಿಗೂ ಸೋದರತ್ತೆ, ಅಂದರೆ ಅವರ ತಂದೆಯ ತಂಗಿ. ಚಿಕ್ಕ ಈಡಿ ಅತ್ತೆಯ ಮಗಳು. 1971ರ ಅಕ್ಟೋಬರಿನಲ್ಲಿ ಸಫೊಕ್ ಕೌಂಟಿಯ ಆರೋಗ್ಯ ಇಲಾಖೆಯವರು ತಪಾಸಣೆಗೆ ಬಂದು, ಮನೆ ವಾಸಕ್ಕೆ ಯೋಗ್ಯವಲ್ಲವೆಂದು ಹೇಳಿ, ಇಬ್ಬರನ್ನೂ ಹೊರಹಾಕುವ ಬೆದರಿಕೆ ಒಡ್ಡಿದರು. ಕಸದ ರಾಶಿ, ಬೆಕ್ಕಿನ ಹೊಲಸು, ನಲ್ಲಿಯಲ್ಲಿ ನೀರಿಲ್ಲ. ಸುದ್ದಿ ಪತ್ರಿಕೆಗಳಿಗೆ ಹಬ್ಬಿತು. 1972ರ ಜನವರಿಯಲ್ಲಿ ‘ನ್ಯೂಯಾರ್ಕ್’ ವಾರಪತ್ರಿಕೆಯಲ್ಲಿ ಗೇಲ್ ಶೀಹಿ ಅವರು ಬರೆದ ದೊಡ್ಡ ಲೇಖನವೂ ಬಂತು. ಆ ಬೇಸಿಗೆಯಲ್ಲಿ ಜಾಕ್ವೆಲಿನ್ ಮತ್ತು ಲೀ ಮುಂದೆ ಬಂದರು. ಜಾಕ್ವೆಲಿನ್ ಅವರ ಆಗಿನ ಪತಿ, ಹಡಗುಗಳ ಒಡೆಯ ಅರಿಸ್ಟಾಟಲ್ ಒನಾಸಿಸ್ ಹಣ ಕೊಟ್ಟರು. ಕಸ ಹೊರಟಿತು, ಕೊಳಾಯಿ ಬಂತು, ಚಾವಣಿ ದುರಸ್ತಿಯಾಯಿತು, ಮನೆ ಉಳಿಯಿತು.

ಇಲ್ಲೊಂದು ಸಂಗತಿಯನ್ನು ಬಹುಮಂದಿ ನೋಡುಗರು ಗಮನಿಸಿಲ್ಲ. ನೀವು ಚಿತ್ರದಲ್ಲಿ ನೋಡಿ ಮೂಗು ಮುಚ್ಚಿಕೊಂಡ ಆ ಮನೆ, ಹೀಗೆ ಶುಚಿಗೊಳಿಸಿ ಒಂದು ವರ್ಷ ಕಳೆದ ಮೇಲಿನ ಮನೆ! ಅಷ್ಟಾದರೂ ಚಿಗಟ ಎಷ್ಟಿದ್ದವೆಂದರೆ ಮೇಸಲ್ಸ್ ಸೋದರರು ನಾಯಿಗಳಿಗೆ ಕಟ್ಟುವ ಚಿಗಟದ ಪಟ್ಟಿಗಳನ್ನು ತಮ್ಮ ಕಾಲಿಗೆ ಕಟ್ಟಿಕೊಂಡು ಕೆಲಸ ಮಾಡಿದರು. ಒಂದು ಸಲದ ಉದಾರ ನೆರವಿನಿಂದ ಗೋಡೆ ಸರಿಹೋಗುತ್ತದೆ. ದಿನದಿನದ ಗುಡಿಸುವುದು, ಒರೆಸುವುದು, ಜೊತೆಗಿರುವುದು ಅದರಿಂದ ಬರುವುದಿಲ್ಲ. ಜಾಕ್ವೆಲಿನ್ ಅವರನ್ನು ಬೈಯಬೇಕೆಂದಿದ್ದರೆ ಈ ಎರಡನೆಯದಕ್ಕೆ ಬೈಯಿರಿ. ಆದರೆ ಆ ಅತ್ತೆ ಯಾರನ್ನಾದರೂ ಮನೆಯೊಳಗೆ ಬಿಟ್ಟುಕೊಳ್ಳುತ್ತಿದ್ದರೇ ಎಂಬುದನ್ನೂ ಯೋಚಿಸಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಚಿತ್ರ ಮುಗಿದ ಮೇಲೆ ಜಗಳವೇ ಆಯಿತು. ತಾಯಿಯೇ ಮಗಳ ಬಾಳನ್ನು ಹಾಳು ಮಾಡಿದಳೆಂದು ನಾನು, ಮಗಳು ಸೋಮಾರಿಯಾಗಿ ತಾಯಿಯ ನೆರಳಿನಲ್ಲಿ ಬಿದ್ದುಕೊಂಡಳೆಂದು ನನ್ನ ಅತ್ತೆಯವರು. ಯಾರು ಸರಿ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಬಂದ ಪತ್ರಗಳಲ್ಲಿ ಆ ಮನೆಯ ಕೊಳಕನ್ನು ಬಿಟ್ಟು, ಆ ಮನೆಯೊಳಗಿನ ವ್ಯಾಜ್ಯಕ್ಕೆ ಕಿವಿಗೊಟ್ಟದ್ದು ನಿಮ್ಮ ಮನೆಯವರು ಮಾತ್ರ. ಚಿತ್ರ ಇರುವುದೇ ಆ ವ್ಯಾಜ್ಯದ ಬಗ್ಗೆ.

ವ್ಯಾಜ್ಯದ ಮೂಲ 1952ರಲ್ಲಿದೆ. ಚಿಕ್ಕ ಈಡಿ ಚೆಲುವೆ, ಮಿಸ್ ಪೋರ್ಟರ್ಸ್ ಎಂಬ ಹೆಸರಾಂತ ಶಾಲೆಯಲ್ಲಿ ಕಲಿತವರು. 1947ರಿಂದ ಅವರು ನ್ಯೂಯಾರ್ಕಿನ ಬಾರ್ಬಿಜಾನ್ ಎಂಬ ಹೆಂಗಸರ ವಸತಿ ಹೋಟೆಲಿನಲ್ಲಿ ಇದ್ದುಕೊಂಡು ರೂಪದರ್ಶಿಯಾಗಿ ಕೆಲಸ ಮಾಡುತ್ತ, ರಂಗದ ಮೇಲೆ ಅವಕಾಶಕ್ಕಾಗಿ ಕಾಯುತ್ತಿದ್ದರು. ಕೂದಲು ಉದುರುವ ಕಾಯಿಲೆಯಿಂದ ತಲೆ ಬೋಳಾಯಿತು; ಚಿತ್ರದಲ್ಲಿ ಸದಾ ತಲೆಗೆ ಸುತ್ತಿಕೊಂಡ ವಸ್ತ್ರಗಳಿಗೆ ಕಾರಣ ಅದೇ. 1952ರ ಜುಲೈ ಕೊನೆಯಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ತಾಯಿಯ ಮನೆಗೆ ಮರಳಿದರು. ತಾಯಿ ಬದುಕಿರುವ ತನಕ ಮತ್ತೆ ಆ ಮನೆ ಬಿಡಲಿಲ್ಲ. ಮಗಳ ವಾದ: ನನ್ನ ಭಾಗ್ಯದ ಬಾಗಿಲು ತೆರೆಯುವ ಹೊತ್ತಿಗೆ ಅಮ್ಮ ಕರೆಸಿಕೊಂಡರು, ನನ್ನನ್ನು ಮದುವೆಯಾಗಲು ಬಂದವನನ್ನೂ ಓಡಿಸಿದರು. ತಾಯಿಯ ವಾದ: ಅಲ್ಲಿ ನೀನು ಸಾಕಷ್ಟು ದಿನ ಇದ್ದೆ, ನಿನಗೆ ಮನೆ ಬೇಕಿತ್ತು, ಬಂದೆ. ಇಪ್ಪತ್ತೊಂದು ವರ್ಷಗಳಾದ ಮೇಲೂ ಈ ಜಗಳ ನಿನ್ನೆಯದರಂತೆ ಬಿಸಿಯಾಗಿದೆ. ಕ್ಯಾಮೆರಾ ಬಂದ ಮೇಲೆ ಇಬ್ಬರಿಗೂ ಒಬ್ಬ ನ್ಯಾಯಾಧೀಶ ಸಿಕ್ಕಂತಾಯಿತು. ಅಲ್ಲಿಯವರೆಗೆ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದುದನ್ನು ಈಗ ಮೂರನೆಯವರ ಮುಂದೆ ಸಾಕ್ಷಿಸಹಿತ ಮಂಡಿಸುತ್ತಾರೆ. ಹಳೆಯ ಆಲ್ಬಮ್ಮಿನ ಪಟಗಳು ಮಗಳ ಸಾಕ್ಷಿ. ತಾವೇ ಹಾಡಿದ ಹಳೆಯ ಗ್ರಾಮಫೋನ್ ತಟ್ಟೆ ತಾಯಿಯ ಸಾಕ್ಷಿ.

ಆ ತಟ್ಟೆಯ ದೃಶ್ಯವನ್ನು ಇನ್ನೊಮ್ಮೆ ನೋಡಲು ಸಾಧ್ಯವಾದರೆ ನೋಡಿ. ದಶಕಗಳ ಹಿಂದಿನ ತಮ್ಮದೇ ದನಿಯ ಜೊತೆಗೆ ಮುದುಕಿ ಮತ್ತೆ ಹಾಡುತ್ತಾರೆ. ತೆಳುವಾದ, ನಡುಗುವ, ಆದರೆ ತಾಳ ಬಿಡದ ದನಿ. ಹಾಡು ಮುಗಿಯುವವರೆಗೆ ಆ ಮುಖದಲ್ಲಿ ದೈನ್ಯದ ಸುಳಿವೂ ಇಲ್ಲ. ಬದುಕಿನಲ್ಲಿ ಎಲ್ಲವೂ ಒಟ್ಟಿಗೆ ದಕ್ಕುವುದಿಲ್ಲ ಎಂಬ ಮಾತು ಇನ್ನೊಂದೆಡೆ ಬಂದಾಗ, ನನಗೆ ದಕ್ಕಿತು, ಬೇಕಾದುದನ್ನೆಲ್ಲ ಅಗಿದು ಸವಿದೆ ಎಂಬ ಅರ್ಥದಲ್ಲಿ ಅವರು ಮಾರುತ್ತರ ಕೊಡುತ್ತಾರೆ. ಅವರು ಪಶ್ಚಾತ್ತಾಪ ಪಡುವ ಜಾತಿಯವರಲ್ಲ. ತಮ್ಮ ಹಾಡಿಗಾಗಿ ಗಂಡನನ್ನೂ ತವರಿನ ಆಸ್ತಿಯನ್ನೂ ಕಳೆದುಕೊಂಡರು, ಆದರೆ ಹಾಡನ್ನು ಬಿಡಲಿಲ್ಲ. ಮಗಳು ತಾನು ಏನನ್ನು ಬಯಸಿದ್ದೆನೋ ಅದಕ್ಕೆ ಪೂರ್ತಿ ಬೆಲೆ ತೆರಲಿಲ್ಲ, ಅಥವಾ ತೆರುವ ಮೊದಲೇ ಕರೆ ಬಂತು. ಈ ‘ಅಥವಾ’ದ ಎರಡೂ ಬದಿಗಳಲ್ಲಿ ನೀವಿಬ್ಬರೂ ನಿಂತಿದ್ದೀರಿ.

ನನ್ನನ್ನು ಒತ್ತಾಯಿಸಿ ಕೇಳಿದರೆ, ನಾನು ಮೊದಲ ಸಲ ನೋಡಿದಾಗ ನಿಮ್ಮ ಪಕ್ಷ, ಮೂರನೆಯ ಸಲ ನೋಡಿದಾಗ ನಿಮ್ಮ ಅತ್ತೆಯವರ ಪಕ್ಷ. ಎರಡನೆಯ ಸಲ ವಿದ್ಯುತ್ ಕೈಕೊಟ್ಟಿತು. ವಿನೋದ ಬದಿಗಿಟ್ಟು ಹೇಳುವುದಾದರೆ, ಭೂತ ಮತ್ತು ವರ್ತಮಾನದ ನಡುವಿನ ಗೆರೆಯನ್ನು ಕಾಪಾಡಿಕೊಳ್ಳುವುದು ಬಹಳ ಕಷ್ಟ ಎಂದು ಚಿಕ್ಕ ಈಡಿ ಚಿತ್ರದ ಆರಂಭದ ಭಾಗದಲ್ಲೇ ಮೆಲುದನಿಯಲ್ಲಿ ಹೇಳುತ್ತಾರೆ. ತಾನು ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆಂದು ಇಷ್ಟು ನಿಖರವಾಗಿ ಬಲ್ಲ ಹೆಂಗಸನ್ನು ಬಲಿಪಶು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಸೋಮಾರಿ ಎನ್ನಲೂ ಏಳುವುದಿಲ್ಲ. ಹಾಸಿಗೆ ಬಿಟ್ಟೇಳದ ತಾಯಿ ದಿನಕ್ಕೆ ನೂರು ಸಲ ಹೆಸರು ಹಿಡಿದು ಕೂಗುವಾಗ ನೂರು ಸಲವೂ ಮೆಟ್ಟಿಲು ಹತ್ತಿದವರು ಅವರೇ.

ಪ್ರಶ್ನೆ: ಹಲವು ಕಡೆ ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ತಪ್ಪು ಮಾಡಿದೆನೆಂದು ಅನ್ನಿಸಿತು. ಇಂಥ ದುಃಖವನ್ನು ನೋಡಿ ನಗಬಹುದೇ?
— ಓದುಗರೊಬ್ಬರು, ಹಾಸನ

ಉತ್ತರ: ಯಾವುದಕ್ಕೆ ನಕ್ಕಿರಿ ಎಂಬುದರ ಮೇಲೆ ಹೋಗುತ್ತದೆ. ತಾಯಿಯ ಯೌವನದ ದೊಡ್ಡ ತೈಲಚಿತ್ರವನ್ನು ಗೋಡೆಗೆ ಒರಗಿಸಿಟ್ಟಿದ್ದಾರೆ. ಅದರ ಹಿಂದೆ ಬೆಕ್ಕೊಂದು ದೇಹಬಾಧೆ ತೀರಿಸಿಕೊಳ್ಳುತ್ತಿದೆ. ಮಗಳು ಅಸಹ್ಯದಿಂದ ಕೂಗಿಕೊಂಡಾಗ, ಇಷ್ಟ ಬಂದುದನ್ನು ಮಾಡುತ್ತಿರುವವರು ಈ ಮನೆಯಲ್ಲಿ ಒಬ್ಬರಾದರೂ ಇದ್ದಾರಲ್ಲ, ಸಂತೋಷ ಎಂದು ತಾಯಿ ಹೇಳುತ್ತಾರೆ. ಇದಕ್ಕೆ ನಗದಿದ್ದರೆ ತಪ್ಪು. ಅವರು ನಗಲೆಂದೇ ಹೇಳಿದ ಮಾತು ಅದು, ಮತ್ತು ಆ ನಗೆಯ ಮೊನೆ ಮಗಳಿಗೆ ಚುಚ್ಚುತ್ತದೆಂಬುದೂ ಅವರಿಗೆ ಗೊತ್ತು.

ಚಿಕ್ಕ ಈಡಿಯವರ ಉಡುಪಿನ ಪ್ರಸಂಗವೂ ಹಾಗೆಯೇ. ಚಿತ್ರದ ಆರಂಭದಲ್ಲಿ ಅವರು ಅಂಗಳಕ್ಕೆ ಬಂದು, ತಮ್ಮ ಆ ದಿನದ ವೇಷವನ್ನು ಚಿತ್ರ ತೆಗೆಯುವವರಿಗೆ ವಿವರಿಸುತ್ತಾರೆ: ಕಾಲುಚೀಲವನ್ನು ಚಡ್ಡಿಯ ಮೇಲಕ್ಕೆ ಎಳೆದು, ಅದರ ಮೇಲೊಂದು ಸ್ಕರ್ಟು, ಬೇಕೆಂದಾಗ ಸ್ಕರ್ಟನ್ನು ಬಿಚ್ಚಿ ಹೆಗಲ ಮೇಲೆ ಹೊದ್ದುಕೊಳ್ಳಲೂಬಹುದು. ತಾಯಿ ಕಿಮೋನೊ ಉಡಬೇಕೆಂದಿದ್ದರಂತೆ, ಅದಕ್ಕಾಗಿ ದೊಡ್ಡ ಜಗಳವೇ ಆಗಿದೆ. ಹರಿದದ್ದಕ್ಕೆ ಪಿನ್ನು ಚುಚ್ಚಿ, ಟವೆಲನ್ನೋ ಸ್ವೆಟರನ್ನೋ ತಲೆಗೆ ಸುತ್ತಿ, ಮೇಲೊಂದು ಬ್ರೂಚನ್ನು ಸಿಕ್ಕಿಸಿ ಅವರು ಕಟ್ಟಿಕೊಂಡ ಈ ಶೈಲಿಯನ್ನು ಮುಂದೆ ಹೆಸರಾಂತ ವಸ್ತ್ರವಿನ್ಯಾಸಕರು ಅನುಕರಿಸಿದರು. ಈ ಊರಿನಲ್ಲಿ ಗುರುವಾರ ಕೆಂಪು ಬೂಟು ಹಾಕಿಕೊಂಡರೂ ಹಿಡಿದುಹಾಕುತ್ತಾರೆ ಎಂದು ಈಸ್ಟ್ ಹ್ಯಾಂಪ್ಟನ್ನಿನ ನೆರೆಹೊರೆಯವರನ್ನು ಅವರು ಗೇಲಿ ಮಾಡುತ್ತಾರೆ. ಆ ಹಾಸ್ಯ ಅವರದೇ ಸ್ವತ್ತು. ಅವರ ಜೊತೆ ನಕ್ಕದ್ದಕ್ಕೆ ಬೇಸರ ಬೇಡ.

ಆದರೆ ಒಂದು ಎಚ್ಚರಿಕೆಯ ಮಾತು. ಈ ಚಿತ್ರಕ್ಕೆ ವರ್ಷಗಳು ಕಳೆದಂತೆ ಬಾಯಿಪಾಠದ ಅಭಿಮಾನಿಗಳು ಹುಟ್ಟಿಕೊಂಡರು. 2006ರಲ್ಲಿ ಇದು ಬ್ರಾಡ್‌ವೇಯಲ್ಲಿ ಸಂಗೀತ ನಾಟಕವಾಯಿತು, 2009ರಲ್ಲಿ ಜೆಸ್ಸಿಕಾ ಲ್ಯಾಂಗ್ ಮತ್ತು ಡ್ರೂ ಬ್ಯಾರಿಮೋರ್ ಅವರನ್ನು ಹಾಕಿಕೊಂಡು ಟೆಲಿವಿಷನ್ ಚಿತ್ರವಾಯಿತು. ಮಾತುಗಳನ್ನು ಚಟಾಕಿಗಳಂತೆ ಉದುರಿಸುವುದೇ ಅಭ್ಯಾಸವಾದಾಗ ಅದನ್ನು ಹೇಳಿದವರಿಗೆ ಚಳಿಗಾಲದಲ್ಲಿ ಚಳಿಯಾಗುತ್ತಿತ್ತು ಎಂಬುದು ಮರೆತುಹೋಗುತ್ತದೆ. ಅಟ್ಟದ ದೃಶ್ಯವನ್ನು ನೆನಪಿಗೆ ತಂದುಕೊಳ್ಳಿ. ಅಟ್ಟದಲ್ಲಿ ಬೀಡುಬಿಟ್ಟ ರಕೂನ್ ಎಂಬ ಕಾಡುಪ್ರಾಣಿಗಳಿಗಾಗಿ ಚಿಕ್ಕ ಈಡಿ ಒಂದಿಡೀ ಪೊಟ್ಟಣ ಬ್ರೆಡ್ಡನ್ನೂ ಬೆಕ್ಕಿನ ಆಹಾರವನ್ನೂ ನೆಲಕ್ಕೆ ಸುರಿಯುತ್ತಾರೆ, ದೇವರ ಮುಂದೆ ನೈವೇದ್ಯ ಇಡುವಷ್ಟು ಸಹಜವಾಗಿ. ಅಲ್ಲಿ ನನಗೆ ನಗು ಬರಲಿಲ್ಲ.

ಪ್ರಶ್ನೆ: ಚಿತ್ರ ತೆಗೆಯುವವರು ನಡುನಡುವೆ ಕಾಣಿಸಿಕೊಳ್ಳುವುದು, ಅವರ ಹೆಸರು ಹಿಡಿದು ಮಾತಾಡಿಸುವುದು ತಾಂತ್ರಿಕ ದೋಷವಲ್ಲವೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ದೋಷವಲ್ಲ, ಪ್ರಾಮಾಣಿಕತೆ. ಆಲ್ಬರ್ಟ್ ಕ್ಯಾಮೆರಾ ಹಿಡಿದವರು, ಡೇವಿಡ್ ಧ್ವನಿಮುದ್ರಣ ಮಾಡಿದವರು. ತಾವು ಇಲ್ಲವೇ ಇಲ್ಲ ಎಂಬಂತೆ ಸುಮ್ಮನೆ ನಿಂತು ನೋಡುವುದು ಇವರ ಮೊದಲಿನ ಪದ್ಧತಿಯಾಗಿತ್ತು. ಇಲ್ಲಿ ಅದು ಸಾಧ್ಯವಾಗಲಿಲ್ಲ. ಮಗಳು ಡೇವಿಡ್ ಅವರೊಂದಿಗೆ ಸರಸದ ಮಾತಾಡುತ್ತಾರೆ, ತಾಯಿ ಕ್ಯಾಮೆರಾದ ಕಡೆಗೆ ತಿರುಗಿ ಮಗಳ ಮೇಲೆ ದೂರು ಹೇಳುತ್ತಾರೆ. ಅದನ್ನೆಲ್ಲ ಕತ್ತರಿಸಿ ಹಾಕಿದ್ದರೆ ಮನೆಯಲ್ಲಿ ಯಾರೂ ಹೊರಗಿನವರಿಲ್ಲವೆಂಬ ಸುಳ್ಳು ಉಳಿಯುತ್ತಿತ್ತು. ಕತ್ತರಿಸದೆ ಉಳಿಸಿದ ಶ್ರೇಯಸ್ಸು ಸಂಕಲನಕಾರ್ತಿಯರಾದ ಎಲೆನ್ ಹವ್ಡೆ ಮತ್ತು ಮಫಿ ಮೇಯರ್ ಅವರಿಗೂ ಸಲ್ಲಬೇಕು. ಇಬ್ಬರ ಹೆಸರೂ ನಿರ್ದೇಶಕರ ಸಾಲಿನಲ್ಲೇ ಇದೆ. ಇಬ್ಬರು ಹೆಂಗಸರ ಮಾತಿನ ಹದವನ್ನು ಹಿಡಿದಿಡಲು ಹೆಂಗಸರೇ ಕತ್ತರಿಯ ಮುಂದೆ ಕುಳಿತದ್ದು ಒಳ್ಳೆಯದಾಯಿತು.

ಪ್ರಶ್ನೆ: ಮಗನ ಮನೆಗೆಂದು ನ್ಯೂಜೆರ್ಸಿಗೆ ಬಂದಿದ್ದೇನೆ. ಆ ಮನೆ ಈಗಲೂ ಇದೆಯೇ? ಹೋಗಿ ನೋಡಬಹುದೇ? ಆ ಮಗಳ ಗತಿ ಏನಾಯಿತು?
— ಓದುಗರೊಬ್ಬರು, ಸದ್ಯ ನ್ಯೂಜೆರ್ಸಿ

ಉತ್ತರ: ಮನೆ ಇದೆ. ಖಾಸಗಿ ಮನೆ, ಬೀದಿಯಲ್ಲಿ ನಿಂತು ಬೇಲಿಯ ಹಸಿರನ್ನು ನೋಡಿ ಬರಬಹುದು. ತಾಯಿ 1977ರ ಫೆಬ್ರುವರಿಯಲ್ಲಿ ತೀರಿಕೊಂಡರು. ಕೊನೆಗಾಲದಲ್ಲಿ ಇನ್ನೇನಾದರೂ ಹೇಳುವುದಿದೆಯೇ ಎಂದು ಮಗಳು ಕೇಳಿದಾಗ, ಹೇಳುವುದೆಲ್ಲ ಚಿತ್ರದಲ್ಲೇ ಇದೆ ಎಂದರೆಂದು ಆಲ್ಬರ್ಟ್ ಮೇಸಲ್ಸ್ ಹೇಳುತ್ತಿದ್ದರು. ಮಗಳು 1978ರಲ್ಲಿ, ಅರವತ್ತನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ರೆನೊ ಸ್ವೀನಿ ಎಂಬ ಕ್ಲಬ್ಬಿನಲ್ಲಿ ಕೆಲವು ದಿನ ಹಾಡಿ ಕುಣಿದರು.

1979ರಲ್ಲಿ ಮನೆಯನ್ನು ಪತ್ರಕರ್ತ ದಂಪತಿ ಬೆನ್ ಬ್ರಾಡ್ಲಿ ಮತ್ತು ಸ್ಯಾಲಿ ಕ್ವಿನ್ ಅವರಿಗೆ 2,20,000 ಡಾಲರಿಗೆ ಮಾರಿದರು. ಮನೆ ಕೆಡವುವುದಿಲ್ಲ ಎಂದು ಮಾತು ಕೊಟ್ಟವರಿಗೇ ಕೊಡುವುದು ಅವರ ಹಟವಾಗಿತ್ತು. ನೋಡಲು ಬಂದ ಸ್ಯಾಲಿ ಅವರ ಮುಂದೆ ಚಿಕ್ಕ ಈಡಿ ಗಿರ್ರನೆ ಒಂದು ಸುತ್ತು ತಿರುಗಿ, ಇದಕ್ಕೆ ಬೇಕಾಗಿರುವುದು ಒಂದು ಕೋಟು ಬಣ್ಣ ಅಷ್ಟೆ ಎಂದರಂತೆ. ಪಿಯಾನೊದ ಒಂದು ಕೀ ಒತ್ತಿದಾಗ ಇಡೀ ಪಿಯಾನೊ ನೆಲದೊಳಗೆ ಕುಸಿಯಿತೆಂದೂ ಸ್ಯಾಲಿ ನೆನೆಸಿಕೊಂಡಿದ್ದಾರೆ. ಅಟ್ಟದಲ್ಲಿ ಸಿಕ್ಕ ಹಳೆಯ ಮೇಜು ಕುರ್ಚಿಗಳನ್ನು ರಿಪೇರಿ ಮಾಡಿಸಿ ಅವರು ಅಲ್ಲೇ ಬಳಸಿದರು. 2017ರಲ್ಲಿ ಅದೇ ಮನೆ 1.55 ಕೋಟಿ ಡಾಲರಿಗೆ ಮಾರಾಟವಾಯಿತು. ಚಿಕ್ಕ ಈಡಿ ಕೊನೆಗೆ ಫ್ಲಾರಿಡಾದ ಬಾಲ್ ಹಾರ್ಬರ್ ಎಂಬಲ್ಲಿ ಒಬ್ಬರೇ ಇದ್ದು, 2002ರ ಜನವರಿಯಲ್ಲಿ, 84ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಪ್ರಶ್ನೆ: ನನಗೆ ಐವತ್ತೆರಡು. ಮದುವೆಯಾಗಿಲ್ಲ. ಕೆಲಸ ಬಿಟ್ಟು ಹನ್ನೊಂದು ವರ್ಷಗಳಿಂದ ಅಮ್ಮನನ್ನು ನೋಡಿಕೊಂಡಿದ್ದೇನೆ. ಈ ಚಿತ್ರವನ್ನು ನಾನು ಒಬ್ಬಳೇ ನೋಡಿದೆ. ಅಮ್ಮನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಅವರ ಜೊತೆ ಕುಳಿತು ನೋಡಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಪತ್ರವನ್ನು ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ನೋಡಬೇಡಿ ಎಂದು ಬರೆಯುವುದು ಸುಲಭವಿತ್ತು.

ನೋಡಿ ಎನ್ನುತ್ತೇನೆ, ಆದರೆ ಒಂದೇ ಸಲಕ್ಕೆ ಅಲ್ಲ. ಮೊದಲ ದಿನ ಜೋಳದ ತೆನೆಯ ದೃಶ್ಯದವರೆಗೆ ಸಾಕು. ಮನೆಗೆಲಸಕ್ಕೆ ನೆರವಾಗುವ ಜೆರ್ರಿ ಎಂಬ ಹುಡುಗ ಹಾಸಿಗೆಯ ಬಳಿ ಕುಳಿತು ತಾಯಿ ಬೇಯಿಸಿದ ಜೋಳವನ್ನು ತಿನ್ನುತ್ತಾನೆ; ನಾನು ಮಾಡುವ ಜೋಳ ಇವನಿಗೆ ಇಷ್ಟ ಎಂದು ಆ ಮುದುಕಿ ಹಿಗ್ಗುತ್ತಾರೆ, ಮಗಳ ಮುಖ ಬಿಗಿಯುತ್ತದೆ. ಅಲ್ಲಿಗೆ ನಿಲ್ಲಿಸಿ ಕಾಫಿ ಮಾಡಿಕೊಂಡು ಬನ್ನಿ. ನಿಮ್ಮ ತಾಯಿಯವರು ಆ ಹೊತ್ತಿಗೆ ಏನಾದರೂ ಹೇಳಿರುತ್ತಾರೆ, ಅಥವಾ ಏನೂ ಹೇಳದೆ ಇರುತ್ತಾರೆ. ಮುಂದೆ ನೋಡಬೇಕೋ ಬೇಡವೋ ಎಂಬುದನ್ನು ಅದರ ಮೇಲೆ ನೀವೇ ತೀರ್ಮಾನಿಸಬಹುದು. ನಿಮ್ಮ ಮನೆಯ ಬಾಗಿಲು ಅವರ ಮನೆಯದರಷ್ಟು ಭದ್ರವಾಗಿ ಮುಚ್ಚಿಲ್ಲ ಎಂಬುದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಯಾರಿಗೋ ಬರೆದು ಕೇಳಬೇಕೆಂದು ನಿಮಗೆ ಅನ್ನಿಸಿದೆ. ನೋಡಿದ ಮೇಲೆ ಅವರು ಯಾರ ಪಕ್ಷ ವಹಿಸಿದರೆಂದು ತಿಳಿಸಿ. ಬೆಂಗಳೂರಿನ ಆ ಅತ್ತೆಯವರೂ ಕಾಯುತ್ತಿರುತ್ತಾರೆ.